ಚುಕ್ಕೆ ನುಂಗಿದವರು ಯಾರು?

ಆಸ್ಪತ್ರೆಯಿಂದ ಫೋನು ಬಂದಾಗ ಕೈಪಿಡಿ ಬರೆಯುವವನು ಇನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ. ಮಗುವೊಂದಕ್ಕೆ ಔಷಧಿ ಹರಿಸುವ ಪಂಪಿನಲ್ಲಿ ನರ್ಸ್ ‘.5 ಮಿಲಿ’ ಎಂದು ಒತ್ತಿದ್ದಳು. ಪರದೆಯ ಮೇಲೆ ‘5 ಮಿಲಿ’ ಮೂಡಿತ್ತು. ಅವಳ ಕಣ್ಣು ಚುರುಕಾಗಿದ್ದರಿಂದ ಮಗು ಉಳಿಯಿತು. ಪಂಪಿನ ತಂತ್ರಾಂಶ ಇವರ ಕಚೇರಿಯದು. ಹಿಂದಿನ ದಿನ ಅದಕ್ಕೆ ಹಾಕಿದ ಹೊಸ ಪ್ರತಿಯನ್ನು ಸಿದ್ಧಪಡಿಸಿದವಳು ಅವನ ಸ್ವಂತ ತಂಗಿ.

ಅವಳನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ. ಅವನು ನೇರವಾಗಿ ಜರಡಿ ಅಕ್ಕನ ಮೇಜಿಗೆ ನಡೆದ. ಪರೀಕ್ಷೆಯ ವಿಭಾಗದ ಆಕೆಯ ಕೈಯಿಂದ ಒಂದು ತಪ್ಪೂ ಜಾರಿಹೋಗದೆಂದು ಆ ಅಡ್ಡಹೆಸರು.

“ಅಕ್ಕಾ, ಸಂಜೆಯೊಳಗೆ ನನ್ನ ತಂಗೀನ ಕೆಲಸದಿಂದ ತೆಗೆದು ಮನೆಗೆ ಕಳಿಸ್ತಾರಂತೆ. ನೀವೇ ಏನಾದ್ರೂ ಮಾಡ್ಬೇಕು.”

“ಮೊದಲು ಕೂತ್ಕೊಳ್ಳಿ. ಅವಳನ್ನ ಕರೀರಿ.”

ತಂಗಿ ಬಂದಳು. ಕಣ್ಣು ಕೆಂಪಾಗಿದ್ದರೂ ಮಾತು ತಡವರಿಸಲಿಲ್ಲ. “ಪಂಪಿಗೆ ಏನೇನು ಹೇಳ್ಬಹುದು ಅನ್ನೋ ನಿಯಮಗಳನ್ನ ಒಂದು ಫೈಲಲ್ಲಿ ಬರೀತೀವಕ್ಕ. ಅದು ವ್ಯಾಕರಣ. ಅದನ್ನ ಟೂಲ್ ಅನ್ನೋ ಇನ್ನೊಂದು ಪ್ರೋಗ್ರಾಮಿಗೆ ಕೊಟ್ರೆ, ನರ್ಸ್ ಒತ್ತಿದ್ದನ್ನ ಬಿಡಿಸಿ ಓದೋ ಪಾರ್ಸರ್ ಫೈಲನ್ನ ಟೂಲೇ ಬರೆದು ಕೊಡುತ್ತೆ. ನಾನು ಹೊಸ ಅಳತೆಯೊಂದನ್ನ ಸೇರಿಸಿ ಟೂಲ್ ಓಡಿಸ್ದೆ, ಅಷ್ಟೇ.”

“ಅಂಕಿಯ ನಿಯಮ ಮುಟ್ಟಿದ್ಯಾ?”

“ಅದರ ತಂಟೆಗೇ ಹೋಗಿಲ್ಲ. ಅಂಕಿಗೆ ಇರೋದು ಒಂದೇ ನಿಯಮ. ಔಷಧಿಯ ಪ್ರಮಾಣಕ್ಕೂ ಅದೇ, ಹರಿಯೋ ವೇಗಕ್ಕೂ ಅದೇ.”

ಹಿರಿಯ ಪ್ರೋಗ್ರಾಮರನ್ನು ಎಲ್ಲರೂ ಗುರುಗಳು ಎನ್ನುತ್ತಿದ್ದರು. ಅವರು ಹೇಳಿದ್ದೇ ಬೇರೆ. “ಚುಕ್ಕೆಯಿಂದ ಶುರುವಾಗೋ ಅಂಕಿಯನ್ನ ಹಿಂದೆಯೇ ವ್ಯಾಕರಣದಲ್ಲಿ ಸರಿ ಮಾಡಿ ಟೂಲ್ ಓಡಿಸಿದ್ದೆ. ಈಗ ಆ ಸಾಲೇ ಇಲ್ಲ. ಇವಳೇ ಅಳಿಸಿರ್ಬೇಕು. ಟೂಲ್ ಗೀಲ್ ಮುಟ್ಬೇಡ ಅಂತ ಬಂದ ದಿನವೇ ಹೇಳಿದ್ದೆ.”

ಕಚೇರಿಯ ಕಂಪ್ಯೂಟರ್ ಬದಲಿಸಿದಾಗ ಹಳೆಯ ಬದಲಾವಣೆಗಳ ದಾಖಲೆ ಅಳಿಸಿಹೋಗಿತ್ತು. ತಂಗಿಯದೊಂದು ಮಾತು, ಗುರುಗಳದೊಂದು ಮಾತು, ನಂಬುವುದು ಯಾರನ್ನು? ಅಣ್ಣ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಶತಪಥ ಹಾಕಿದ.

“ದುರಸ್ತಿಗೆ ಬಂದ ಹಳೆ ಪಂಪ್ ಇದೆಯಲ್ಲ, ಅದನ್ನ ತನ್ನಿ,” ಎಂದಳು ಜರಡಿ ಅಕ್ಕ. “ತಂಗಿ ಕೆಲಸಕ್ಕೆ ಸೇರೋ ಮೊದಲೇ ಅದು ಹೊರಗೆ ಹೋಗಿತ್ತು, ಹಳೆ ಪ್ರತಿಯೇ ಅದರಲ್ಲಿದೆ.”

ಅವನು ತಂದು ಮೇಜಿನ ಮೇಲಿಟ್ಟ. ಆಕೆ ಪ್ರಮಾಣದ ಜಾಗದಲ್ಲಿ ‘.5’ ಒತ್ತಿದಳು. ಪರದೆ ‘0.5’ ತೋರಿಸಿತು. ಅವನು ತಂಗಿಯ ಕಡೆ ನೋಡಿದ. ಗುರುಗಳ ಮಾತೇ ನಿಜವಾಯಿತಲ್ಲ. ಆಕೆ ಸುಮ್ಮನಿರದೆ ವೇಗದ ಜಾಗದಲ್ಲೂ ‘.5’ ಒತ್ತಿದಳು. ಪರದೆ ನೋಡಿದವಳೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

“ಎಲ್ಲರನ್ನೂ ಈಗಲೇ ಕರೀರಿ.”

ಸಭೆಯ ಕೋಣೆಯಲ್ಲಿ ಮುಖ್ಯಸ್ಥೆ, ಗುರುಗಳು, ಅಣ್ಣ ತಂಗಿ ಸೇರಿದರು. ಜರಡಿ ಅಕ್ಕ ಪಂಪನ್ನು ಮುಖ್ಯಸ್ಥೆಯ ಕಡೆ ತಿರುಗಿಸಿದಳು. “ಪ್ರಮಾಣದಲ್ಲಿ ಪಾಯಿಂಟ್ ಫೈವ್ ಸರಿಯಾಗಿ ಓದುತ್ತೆ. ವೇಗದಲ್ಲಿ ಐದು ಅಂತ ಓದುತ್ತೆ. ಅಂಕಿಗೆ ಇರೋದು ಒಂದೇ ನಿಯಮ. ಅದನ್ನ ವ್ಯಾಕರಣದಲ್ಲಿ ಸರಿ ಮಾಡಿದ್ರೆ ಎರಡೂ ಕಡೆ ಸರಿಯಾಗ್ಬೇಕಿತ್ತು. ಒಂದೇ ಕಡೆ ಸರಿ ಇದೆ ಅಂದ್ರೆ ವ್ಯಾಕರಣ ಯಾರೂ ಮುಟ್ಟಿಲ್ಲ. ಟೂಲ್ ಬರೆದುಕೊಟ್ಟ ಪಾರ್ಸರಿನೊಳಗೆ, ಪ್ರಮಾಣ ಓದೋ ಜಾಗದಲ್ಲಿ ಮಾತ್ರ, ಯಾರೋ ಕೈಯಿಂದ ತೇಪೆ ಹಾಕಿದ್ದಾರೆ.”

“ಆ ಫೈಲಿನ ಮೊದಲ ಸಾಲಲ್ಲೇ ‘ಕೈಯಿಂದ ತಿದ್ದಬೇಡಿ’ ಅಂತ ಟೂಲ್ ಬರೆದಿರುತ್ತೆ,” ಎಂದಳು ತಂಗಿ ಮೆಲ್ಲಗೆ.

“ಹೌದು. ಮತ್ತೆ ಟೂಲ್ ಓಡಿಸಿದ್ರೆ ಫೈಲ್ ಹೊಸದಾಗಿ ಹುಟ್ಟುತ್ತೆ, ತೇಪೆ ಹೋಗುತ್ತೆ. ನೀನು ಮಾಡಿದ್ದು ಸರಿಯಾದ ಕೆಲಸವೇ. ತೇಪೆ ನಿನಗಿಂತ ಹಳೇದು. ಸರಿ ಮಾಡಿದ್ದು ನಾನೇ ಅಂತ ಗುರುಗಳೇ ಹೇಳಿದ್ದಾರೆ. ವ್ಯಾಕರಣ ತಿದ್ದಿ ಟೂಲ್ ಓಡಿಸಿದ್ದೆ ಅಂದದ್ದು ಮಾತ್ರ ಸುಳ್ಳು. ಓಡಿಸಿದ್ರೆ ತೇಪೆ ಆವತ್ತೇ ಹೋಗ್ತಿತ್ತು.”

ಗುರುಗಳು ಅಂಗೈಯಿಂದ ಮೇಜು ಒರೆಸುತ್ತ ಕೂತಿದ್ದರು. “ಆ ಟೂಲ್ ನನಗೆ ಬರಲ್ಲ,” ಎಂದರು ಕೊನೆಗೆ. “ಕಲಿಸಿ ಅಂತ ಯಾರನ್ನ ಕೇಳ್ಲಿ? ಎಲ್ಲರೂ ನನ್ನ ಹತ್ತಿರವೇ ಕೇಳೋಕೆ ಬರ್ತಿದ್ರು.”

ಅಣ್ಣನಿಗೆ ಎದ್ದು ಕೂಗಾಡಬೇಕೆನಿಸಿತು. ಜರಡಿ ಅಕ್ಕ ಅವನ ಭುಜ ಹಿಡಿದು ಕೂರಿಸಿದಳು.

“ಜಗಳ ಆಮೇಲೆ. ಆಸ್ಪತ್ರೆಯವರು ಹೊಸ ಪ್ರತಿ ಹಾಕಿದ ಪಂಪ್ ಬದಿಗಿಟ್ಟು, ಹಳೇದೇ ಕ್ಷೇಮ ಅಂತ ಹಳೆ ಪ್ರತಿಯ ಪಂಪುಗಳನ್ನ ಹಚ್ತಿದ್ದಾರಂತೆ. ವೇಗದ ಜಾಗದಲ್ಲಿ ಯಾರಾದ್ರೂ ಚುಕ್ಕೆಯಿಂದ ಶುರು ಮಾಡಿದ್ರೆ?”

ಮುಖ್ಯಸ್ಥೆ ಫೋನನ್ನು ಗುರುಗಳ ಮುಂದೆ ಸರಿಸಿದರು. “ನೀವೇ ಹೇಳಿ. ಏನನ್ನೂ ಮುಚ್ಚಿಡ್ಬೇಡಿ.”

ತಂಗಿ ಆಗಲೇ ತನ್ನ ಮೇಜಿಗೆ ಓಡಿದ್ದಳು. ಅಂಕಿಯ ನಿಯಮ ತಿದ್ದಿ ಟೂಲ್ ಓಡಿಸಬೇಕಿತ್ತು. ಗುರುಗಳು ನರ್ಸಿಗೆ ಎಲ್ಲವನ್ನೂ ಹೇಳಿದರು. ತಪ್ಪು ತಮ್ಮದೆಂದೂ ಹೇಳಿದರು. ಆಮೇಲೆ ಅವಳ ದನಿ ಕೋಣೆಗೆಲ್ಲ ಕೇಳಿತು.

“ಹಳೇ ಪಂಪ್ ಒಂದು ಆ ಮಗುವಿಗೇ ಹಚ್ಚಿದ್ದೀವಿ. ತಡೀರಿ, ನೋಡಿ ಬರ್ತೀನಿ.”

ಯಾರೂ ಅಲುಗಲಿಲ್ಲ. ಹೆಜ್ಜೆ ಸಪ್ಪಳ ಮರಳಿ ಬಂತು.

“ವೇಗ ಇನ್ನೂ ಹಾಕಿರಲಿಲ್ಲ,” ಎಂದಳು ಅವಳು. “ಈಗ ಹಾಕೋದ್ರಲ್ಲಿದ್ರು, ತಡೆದೆ.”