ನೋಟ್‌ಬುಕ್ಕಿನ ನಾಲ್ಕು ಮೂಲೆ

ಇದು ನಡೆದದ್ದೇ, ಕಣ್ಣಾಣೆ! ಒಂದಕ್ಷರ ಸುಳ್ಳಿದ್ದರೆ ಇವತ್ತಿನಿಂದ ನನ್ನ ಚಹಾಕ್ಕೆ ಸಕ್ಕರೆ ಬೀಳದಿರಲಿ.

ಎಪ್ಪತ್ನಾಲ್ಕರ ಬೇಸಿಗೆ. ಕುರುಗೋಡಿನಲ್ಲಿ ಎಂಥಾ ಬಿಸಿಲೆಂದರೆ, ಬೋರ್ಡಿನ ಮೇಲೆ ಬರೆದ ಅಕ್ಷರಗಳೇ ಬೆವತು ಕೆಳಗಿಳಿಯುತ್ತಿದ್ದವು! ಟ್ಯುಟೋರಿಯಲ್‌ಗೆ ಹೊಸದಾಗಿ ಬಂದ ಕೊಟ್ರಬಸಪ್ಪ ಮೇಷ್ಟ್ರು ಇಂಗ್ಲಿಷ್ ಪಾಠ ಶುರು ಮಾಡಿದರು.

"ಆಗಬಹುದು ಅನ್ನಾಕ ಮೇ ಅಂತಾರ. ಆಗೂ ಆಸಿ ಇನ್ನಾ ಕಡಿಮಿ ಇದ್ರ ಮೈಟ್. ಈಗ, ನಾಳೆ ಮಳಿ ಬರಬಹುದು... ಯಾರು ಹೇಳ್ತೀರಿ?"

ಕಿಸಕ್ಕನೆ ಒಂದು ನಗು!

"ಯಾಕ್ರಿ ನಕ್ಕಿರಿ?"

ಇಪ್ಪತ್ತರ ಗುರುಬಸಮ್ಮ ಎದ್ದಳು. ಇಂಗ್ಲಿಷಿನಲ್ಲೇ ಎರಡು ಸಲ ಎಸ್ಸೆಸ್ಸೆಲ್ಸಿ ಫೇಲಾದವಳು.

"ಸಾರ್, ನಮ್ಮೂರಿನ ಮಳಿಗಿ ಮೈಟೂ ಜಾಸ್ತಿ ಆತ್ರಿ!"

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ಅವಳ ಎದೆ ಝಲ್ಲೆಂದಿತು... 'ಅಯ್ಯೋ, ಇದೇನಾತು ನನಗ?'

ಎರಡು ತಿಂಗಳು ಕಣ್ಣುಗಳೇ ಮಾತಾಡಿದವು. ಬಾಯಿ ಮಾತ್ರ ಇಬ್ಬರದೂ ಬಿಗಿದಿತ್ತು.

ಅಷ್ಟರಲ್ಲಿ ಅವಳ ತಾಯಿ ಅಂಬಮ್ಮ ಹೇಳಿದಳು. "ಪರೀಕ್ಷಿ ಮುಗದ ಮ್ಯಾಲ ಮೋಕದ ಗಂಡಿನವ್ರು ನಿನ್ನ ನೋಡಾಕ ಬರ್ತಾರ. ಸುಮ್ನ ಒಪ್ಕೋಬೇಕು ನೋಡು!"

ಯಾರ ಮುಂದೆ ಹೇಳುವುದು? ಬೇರೆ ದಾರಿ ಕಾಣದೆ ಗುರುಬಸಮ್ಮ ಹೋಮ್‌ವರ್ಕಿನ ಕೊನೆಗೆ, ಮೇ ಹಾಕಿ, ಇಂಗ್ಲಿಷಿನಲ್ಲೊಂದು ವಾಕ್ಯ ಬರೆದಳು: ನಮ್ಮ ಮೇಷ್ಟ್ರು ನನ್ನನ್ನು ಕೇಳಲು ಮನೆಗೆ ಬರಬಹುದು.

ಅಂದು ಮನೆಯಲ್ಲಿ ದೊಡ್ಡಪ್ಪನ ಮಗಳು ವಿರೂಪಮ್ಮನ ಲಗ್ನಪತ್ರಿಕೆಗಳ ರಾಶಿ. ಓದು ಬಾರದ ಅಂಬಮ್ಮ ಒಂದೊಂದಕ್ಕೂ ನಾಲ್ಕು ಮೂಲೆಗೆ ಅರಿಶಿಣ ಹಚ್ಚುತ್ತಾ, ರಾಶಿಯಲ್ಲಿ ಸೇರಿದ್ದ ನೋಟ್‌ಬುಕ್ಕಿಗೂ ಹಚ್ಚಿಬಿಟ್ಟಳು! ಗುರುಬಸಮ್ಮ ನೋಡಿದಳು. 'ಇರ್ಲಿ, ಶುಭಾನ ಆತು' ಎಂದುಕೊಂಡೇ ಒಯ್ದು ಕೊಟ್ಟಳು.

ಮೇಷ್ಟ್ರು ಹಳದಿ ಮೂಲೆಗಳನ್ನು ನೋಡಿದರು. ಮುಖ ಸುಣ್ಣದಂತಾಯಿತು. ತೆರೆಯದೆ ಹಾಗೇ ಚೀಲಕ್ಕೆ ಹಾಕಿಕೊಂಡರು.

"ಒಳ್ಳೇದಾಗ್ಲಿ..." ಅಂದರು, ಅಷ್ಟೇ.

ಮರುದಿನ ಮೇಷ್ಟ್ರಿಲ್ಲ! ಸಿರುಗುಪ್ಪದ ಟ್ಯುಟೋರಿಯಲ್ ಸೇರಿದರಂತೆ.

'ಮನಿಗಿ ಒಯ್ದು ಓದಿ ಓಡಿಹೋದ್ರಲ್ಲ! ಅಷ್ಟು ಬ್ಯಾಡಾದ್ನಾ ನಾನು?' ಕೇಳಲು ಯಾರಿದ್ದಾರೆ? ಹೋಗಲು ಯಾವ ನೆಪವಿದೆ? ಅಡುಗೆಮನೆಯ ಹೊಗೆಯ ನೆಪದಲ್ಲಿ ಅತ್ತಳು. ಮೂರು ತಿಂಗಳು ಹೀಗೇ ಕಳೆದವು...

ಪರೀಕ್ಷೆಯ ದಿನ. ಬಳ್ಳಾರಿಯ ಕೇಂದ್ರದ ಮುಂದೆ, ಬೇವಿನ ಮರದ ಕೆಳಗೆ, ಸಿರುಗುಪ್ಪದ ವಿದ್ಯಾರ್ಥಿಗಳನ್ನು ಕರೆತಂದಿದ್ದ ಅದೇ ಮೇಷ್ಟ್ರು! ಸೊರಗಿ ಸೀಮೆಸುಣ್ಣದ ಕಡ್ಡಿಯಾಗಿದ್ದರು.

"ಮದುವಿ... ಚೆಂದಾಗಿ ಆತೇನ್ರಿ?"

"ಯಾರದ್ರಿ?"

"ನಿಮ್ದು. ನೋಟ್‌ಬುಕ್ಕಿಗಿ ಅರಿಶಿಣ ಹಚ್ಚಿ ಕೊಟ್ಟಿರಲ್ಲ!"

"ಅಯ್ಯೋ ನನ ಕರ್ಮ! ಅದು ನಮ್ಮಕ್ಕನ ಲಗ್ನದ ಅರಿಶಿಣ! ಅವ್ವ ತಿಳೀದ ಹಚ್ಚಿದ್ಲು... ಒಳಗ ಓದ್ಲಿಲ್ಲೇನ್ರಿ?"

ಮೇಷ್ಟ್ರು ಚೀಲದಿಂದ ಅದೇ ನೋಟ್‌ಬುಕ್ ತೆಗೆದರು. "ತೆಗೆದು ನೋಡಾಕ ಧೈರ್ಯ ಆಗ್ಲಿಲ್ಲ. ಬಿಟ್ಟುಬಿಡಾಕ ಮನಸಾಗ್ಲಿಲ್ಲ."

ಓದಿದರು. ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು.

"ಬರಬಹುದು ಅಂತ ಬರ್ದೀರಿ..."

"ಅಷ್ಟ ಧೈರ್ಯ ಇತ್ರಿ ನನಗ."

"ಸೋಮವಾರ ಅವ್ವನ್ನ ಕರ್ಕೊಂಡು ನಿಮ್ಮ ಮನಿಗಿ ಬರ್ತೀನಿ."

"ಸೋಮವಾರ ಮುಂಜಾನೆ ಮೋಕದವ್ರು ನನ್ನ ನೋಡಾಕ ಬರ್ತಾರ್ರಿ!"

"ಹಂಗಾದ್ರ ಒಂದಿನ ಮೊದ್ಲ, ಐತವಾರನ ಬರ್ತೀನಿ!"

"ಬರಬಹುದೋ, ಬರ್ತೀರೋ?"

"ಬರ್ತೀನಿ, ಗುರುಬಸಮ್ಮ. ಈಗ ಕಣ್ಣೊರಿಸ್ಕೊಂಡು ಒಳಗ ಹೋಗಿ ಪರೀಕ್ಷಿ ಬರೀರಿ."

ಬಂದರು. ಅಂಬಮ್ಮನೂ ಒಪ್ಪಿದಳು. ಅವರ ಮದುವೆಯ ದಿನ ಕುರುಗೋಡಿನಲ್ಲಿ ಮಳೆಯೂ ಬಂತು, ನಂಬಿ! ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಒಂದು ಚಹಾ ಹೇಳಿ. ಸಕ್ಕರೆ ಹಾಕಿಸುತ್ತೀರೋ ಇಲ್ಲವೋ... ನಂಬಿದಿರೋ ಇಲ್ಲವೋ ಅನ್ನುವುದು ಅದರಲ್ಲೇ ಗೊತ್ತಾಗಲಿ!