ಪಕ್ಕದ ಮನೆಯ ಏಸಿ ನೀರು

"ಛೀ! ಅಸಹ್ಯ! ಅದರೊಳಗೆ ಕೈ ಹಾಕಿದ್ದೀರಲ್ರೀ!"

ಗೋಡೆಯ ಆಚೆಯಿಂದ ಬಂದ ದನಿಗೆ ರಫಲ್ ಬೆಚ್ಚಿಬಿದ್ದಳು.

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಬಸ್ರಾದ ಜುಲೈನಲ್ಲಿ ಗಿಡಕ್ಕೆ ನೀರು ಕೊಡಬೇಕೆಂದರೆ ಅದೇ ಹೊತ್ತು. ಬಿಸಿಲೇರಿದ ಮೇಲೆ ಕೊಟ್ಟರೆ ಬೇರುಗಳೇ ಬೆಂದುಹೋಗುತ್ತವೆ. ಪಕ್ಕದ ಮನೆಯ ಏಸಿಯ ಪೈಪು ಇವರ ಅಂಗಳಕ್ಕೆ ಬಾಗಿತ್ತು. ಅದರ ಕೆಳಗೆ ರಾತ್ರಿಯಿಡೀ ಇಟ್ಟಿದ್ದ ಬಕೆಟ್ಟಿನಲ್ಲಿ ಕಂದು ಬಣ್ಣದ ಲೋಳೆ ತೇಲುತ್ತಿತ್ತು. ಲೋಳೆಯ ನಡುವೆ ಹೊಟ್ಟೆ ಉಬ್ಬಿ ಸತ್ತ ಒಂದು ಹಲ್ಲಿ. ಅದನ್ನೇ ಅವಳು ಬಾಲ ಹಿಡಿದು ಎತ್ತಿದ್ದಳು.

ಗೋಡೆಯ ಮೇಲೆ ಕಂಡದ್ದು ಗಂಡಸಿನ ಮುಖ. ಮೂಗು ಮುಚ್ಚಿಕೊಂಡಿತ್ತು. ಮರುಕ್ಷಣ ಮಾಯವಾಯಿತು. ಆಚೆ ಕಡೆಯಿಂದ ವಾಂತಿ ಮಾಡುವ ಸದ್ದು!

"ಯಾರೇ ಅದು, ಬೆಳಗ್ಗೆ ಬೆಳಗ್ಗೆ? ಬಸುರಿ ಹೆಂಗಸಾ?" ಒಳಗಿನಿಂದ ಖಾಲಾ ಕೂಗಿದರು. ರಫಲ್‌ಳ ತಾಯಿಯ ತಂಗಿ ವಿಜ್ದಾನ್. ಅಕ್ಕ ತೀರಿಕೊಂಡ ಮೇಲೆ ಈ ಹುಡುಗಿಗೆ ಅವರೇ ಎಲ್ಲ.

"ಪಕ್ಕದ ಮನೆಗೆ ಹೊಸದಾಗಿ ಬಂದಿದ್ದಾರಲ್ಲ ಖಾಲಾ... ಮೋಸುಲ್‌ನವರು. ಅವರ ಮಗ."

"ಆ ಬಂದರಿನ ಆಫೀಸಿನವನಾ? ಅವನಿಗೇನಾಯ್ತು?"

"ನನ್ನ ನೋಡಿ ವಾಂತಿ ಬಂತಂತೆ."

ನಗುತ್ತಾ ಹೇಳಬೇಕೆಂದುಕೊಂಡಿದ್ದಳು. ನಗು ಬರಲಿಲ್ಲ.

ಅಸಹ್ಯ... ಆ ಮಾತನ್ನು ಅವಳು ಮೊದಲ ಸಲ ಕೇಳುತ್ತಿರಲಿಲ್ಲ. ಕಳೆದ ಚಳಿಗಾಲ ಹೆಣ್ಣು ನೋಡಲು ಬಂದಿದ್ದ ಖುತೈಬಾ, ಅವಳು ಕೊಟ್ಟ ಚಹಾದ ಲೋಟವನ್ನು ಮುಟ್ಟದೆ ಕೆಳಗಿಟ್ಟಿದ್ದ. "ಉಗುರೊಳಗೆ ಗೊಬ್ಬರ ಇದೆ. ಈ ಕೈಯಲ್ಲಿ ಕೊಟ್ಟಿದ್ದನ್ನ ಹ್ಯಾಗೆ ಕುಡಿಯೋದು?" ಎಂದು ಎಲ್ಲರ ಮುಂದೆ ಕೇಳಿದ್ದ. ಅಂದಿನಿಂದ ಅವಳು ಕೈಯನ್ನು ಚರ್ಮ ಕಿತ್ತು ಬರುವಂತೆ ಉಜ್ಜುತ್ತಿದ್ದಳು. ಗಿಡಗಳನ್ನು ಮಾತ್ರ ಬಿಟ್ಟಿರಲಿಲ್ಲ.

ಬಿಡುವುದಾದರೂ ಹೇಗೆ? ಅಂಗಳದ ಕುಂಡದಲ್ಲಿದ್ದ ದುಂಡುಮಲ್ಲಿಗೆ ಅಮ್ಮ ನೆಟ್ಟದ್ದು. ನಲ್ಲಿಯ ನೀರು ಕಣ್ಣೀರಿಗಿಂತ ಉಪ್ಪು. ಹಾಕಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಈ ಏಸಿ ನೀರೊಂದೇ ಗತಿ. ಬಕೆಟ್ಟಿನ ಲೋಳೆಯನ್ನು ಬಟ್ಟೆಯಲ್ಲಿ ಸೋಸಿ, ಗಿಡಗಳ ಬುಡಕ್ಕೆ ಒಣಹುಲ್ಲು ಹೊದಿಸಿ, ಮೇಲೆ ಗೋಣಿತಟ್ಟಿನ ನೆರಳು ಕಟ್ಟುತ್ತಿದ್ದಳು. ಮನೆಯೊಳಗಿನ ಕುಂಡಗಳನ್ನು ಕಿಟಕಿಯ ಗಾಜಿನಿಂದಲೂ ಏಸಿಯ ಗಾಳಿಯಿಂದಲೂ ದೂರ ಸರಿಸಿ, ಧೂಳು ಕೂತ ಎಲೆಗಳನ್ನು ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತಿದ್ದಳು.

ಮರುದಿನದಿಂದ ಬಕೆಟ್ಟಿನಲ್ಲಿ ಲೋಳೆಯೇ ಇಲ್ಲ! ನೀರು ಕನ್ನಡಿಯಂತೆ.

'ಅಸಹ್ಯ ತಡೆಯಲಾರದೆ ಪೈಪು ತೊಳೆಸಿರಬೇಕು ಮಹಾರಾಯ' ಎಂದುಕೊಂಡಳು. ಮೂಗು ಕಟ್ಟುವ ನೆಗಡಿ ಬೇರೆ. ಹಾಗೇ ಹಾಕುತ್ತಾ ಹೋದಳು.

ವಾರ ಕಳೆಯುವಷ್ಟರಲ್ಲಿ ಮಲ್ಲಿಗೆಯ ಎಲೆಯಂಚು ಸುಟ್ಟಂತೆ ಕಂದಾಯಿತು. ಮೊಗ್ಗುಗಳು ಕಪ್ಪಾಗಿ ಉದುರಿದವು. ನೆಗಡಿ ಬಿಟ್ಟ ಬೆಳಗ್ಗೆ ಅವಳು ಬಕೆಟ್ಟಿಗೆ ಬಗ್ಗಿದಳು. ಮೂಗಿಗೆ ರಪ್ಪನೆ ಹೊಡೆಯಿತು... ಕಕ್ಕಸು ತೊಳೆಯುವ ಬ್ಲೀಚಿನ ವಾಸನೆ!

ಓಡಿಹೋಗಿ ಪಕ್ಕದ ಮನೆಯ ಬಾಗಿಲು ಬಡಿದಳು. ತೆಗೆದವನು ಅವನೇ, ಮುಹನ್ನದ್.

"ಪೈಪಿಗೆ ಬ್ಲೀಚ್ ಹಾಕಿದ್ದು ನೀವೇನಾ?"

"ಹೌದು, ದಿನಾ ಸ್ವಲ್ಪ ಸ್ವಲ್ಪ... ಯಾಕೆ, ನೀರು ಈಗ..."

"ನನ್ನ ಕಂಡ್ರೆ ನಿಮಗೆ ಅಸಹ್ಯ. ಇರಲಿ! ನಮ್ಮಮ್ಮನ ಗಿಡ ನಿಮಗೇನು ಮಾಡಿತ್ತು? ವಿಷ ಹಾಕಿ ಕೊಲ್ತೀರಾ? ಥೂ! ನನಗೀಗ ನಿಮ್ಮನ್ನ ನೋಡಿದ್ರೆ ವಾಂತಿ ಬರುತ್ತೆ!"

ಅವನ ಮುಖ ಬಿಳಿಚಿಕೊಂಡಿತು. ಅವನು ಬಾಯಿ ತೆರೆಯುವ ಮೊದಲೇ ಅವಳು ತಿರುಗಿ ನಡೆದಿದ್ದಳು.

ಮನೆಗೆ ಬಂದು ಮಲ್ಲಿಗೆಯ ಮುಂದೆ ಕುಸಿದಳು. 'ಎಂಥ ಮನುಷ್ಯ! ಎಂಥ ಹೇಸಿಗೆ ಮನಸ್ಸು!'

ನೆತ್ತಿ ಸುಡುವ ಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತು. ಬಾಗಿಲು ಬಡಿದ ಸದ್ದಾಯಿತು. ಖಾಲಾ ತೆರೆದರು. ಕುಡಿಯುವ ನೀರಿನ ಕ್ಯಾನುಗಳನ್ನು ಎರಡೂ ಕೈಯಲ್ಲಿ ಹಿಡಿದು ಮುಹನ್ನದ್ ನಿಂತಿದ್ದ. ಅಂಗಿ ಮೈಗಂಟಿತ್ತು. ಹಿಂದೆ ಅವನ ತಾಯಿ.

"ಬೇರು ತೊಳೆಯೋಕೆ ಸಿಹಿ ನೀರು, ಖಾಲಾ. ಒಳಗೆ ಬರಲಾ?"

"ಬಾ ಮಗಾ. ಬೈಸಿಕೊಳ್ಳೋಕೆ ಧೈರ್ಯ ಇದ್ರೆ ಬಾ."

ರಫಲ್ ಗೋಣಿತಟ್ಟಿನ ನೆರಳಿನಲ್ಲಿ ಮಲ್ಲಿಗೆಯ ಕುಂಡವನ್ನು ಮಗುಚಿದಳು. ಅಬ್ಬಾ! ಕೊಳೆತ ಮೊಟ್ಟೆ, ಚರಂಡಿ, ಸತ್ತ ಮೀನು ಎಲ್ಲ ಸೇರಿದಂಥ ನಾತ. ಬೇರುಗಳು ಕಪ್ಪು ಅಂಟಾಗಿದ್ದವು. ಒದ್ದೆ ಮಣ್ಣಿನಲ್ಲಿ ಬಿಳಿ ಹುಳುಗಳು ಮಿಜಿಗುಡುತ್ತಿದ್ದವು.

ಎದುರಿಗೆ ಕೂತಿದ್ದ ಮುಹನ್ನದ್ ಎದ್ದು ಮೂಲೆಗೆ ಓಡಿದ. ವಾಂತಿ ಮಾಡಿದ. ಬಾಯಿ ತೊಳೆದು ಬಂದು ಮತ್ತೆ ಕೂತ. ಬರಿಗೈಯನ್ನು ಆ ಕೊಳೆಯೊಳಗೆ ಹಾಕಿದ!

"ಎಲ್ಲಿ ಕತ್ತರಿಸಬೇಕು? ಹೇಳಿ."

"ಕಪ್ಪಾಗಿರೋದೆಲ್ಲ..." ಅವಳ ದನಿ ತಗ್ಗಿತ್ತು. "ಅಷ್ಟು ಹೇಸಿಗೆ ಆಗ್ತಿದ್ರೆ ಯಾಕೆ ಮುಟ್ತೀರಿ?"

"ಚಿಕ್ಕಂದಿನಿಂದ ನನ್ನ ಹೊಟ್ಟೆ ಹೀಗೇ. ಹಾಲಿನ ಕೆನೆ ಕಂಡ್ರೂ ಆಗಲ್ಲ." ಅವನು ತಲೆ ಎತ್ತಲಿಲ್ಲ. "ಆವತ್ತು ಅಸಹ್ಯ ಅಂದಿದ್ದು ನಿಮ್ಮನ್ನಲ್ಲ. ನಮ್ಮನೆ ಪೈಪಿಂದ ಬರೋ ಕೊಳೇಲಿ ನೀವು ದಿನಾ ಕೈ ಹಾಕ್ಬೇಕಲ್ಲ ಅಂತ ನಾಚಿಕೆ ಆಯ್ತು. ನಿಮಗೆ ಶುದ್ಧ ನೀರು ಸಿಗಲಿ ಅಂತ ಬ್ಲೀಚ್ ಹಾಕ್ದೆ. ಗಿಡಕ್ಕಾಗಲ್ಲ ಅಂತ ಗೊತ್ತಿರ್ಲಿಲ್ಲ. ಪೆದ್ದ ನಾನು."

ಹಿಂದಿನಿಂದ ಅವನ ತಾಯಿ ಹೇಳಿದರು, "ಪೈಪಿನ ಲೋಳೇನ ಮೊದಲು ಕೈಯಾರೆ ಬಳಿದು ತೆಗೆದ ಮಾರಾಯ್ತಿ. ಆ ರಾತ್ರಿ ಅನ್ನ ಮುಟ್ಲಿಲ್ಲ."

ರಫಲ್‌ಳ ಎದೆಯೊಳಗೆ ಏನೋ ಕಳಚಿ ಬಿತ್ತು. 'ನಾನೇನು ಅಂದುಬಿಟ್ಟೆ ಇವನಿಗೆ! ಖುತೈಬಾ ನನಗೆ ಅಂದಿದ್ದನ್ನೇ ಅಲ್ಲವೆ?'

"ಥೂ ಅಂದೆನಲ್ಲ..." ಅವಳ ಕಣ್ಣು ತುಂಬಿತು. "ತಪ್ಪಾಯ್ತು."

"ಹುಳ! ನಿಮ್ಮ ತೋಳ ಮೇಲೆ ಹುಳ!" ಅವನು ಕಣ್ಣು ಮುಚ್ಚಿಕೊಂಡೇ ಅದನ್ನು ಕೊಡವಿದ. ಖಾಲಾ ಹೊಟ್ಟೆ ಹಿಡಿದು ನಕ್ಕರು.

ಆಮೇಲೆ ಪ್ರತಿ ಬೆಳಗ್ಗೆ ಗೋಡೆಯ ಮೇಲೆ ಅವನ ತಲೆ ಕಾಣಿಸತೊಡಗಿತು. ಈಗ ತನ್ನ ಕಡೆಯೇ ಬಕೆಟ್ಟಿಟ್ಟು ಹಿಡಿದ, ಸಾಬೂನೂ ಬ್ಲೀಚೂ ಮುಟ್ಟಿಸದ ನೀರನ್ನು ತಾನೇ ಸೋಸಿ, ಓಕರಿಸುತ್ತಾ ಕೊಡುತ್ತಿದ್ದ. ಅವಳು ಹೇಳಿಕೊಟ್ಟಂತೆ ತನ್ನ ತಾಯಿಯ ಕೋಣೆಯಲ್ಲೂ ಒಂದು ಗಿಡವಿಟ್ಟ. ಅದಕ್ಕೆ ಸುಡುಬೇಸಿಗೆಯಲ್ಲಿ ಗೊಬ್ಬರ ಹಾಕಹೋಗಿ ಅವಳಿಂದ ಬೈಸಿಕೊಂಡ. ರಫಲ್‌ಳ ಅಂಗಳದಲ್ಲಿ ಬಾಡಿದ್ದ ಗಿಡಗಳೆಲ್ಲ ಮೆಲ್ಲಗೆ ಎದ್ದವು.

ಮಲ್ಲಿಗೆ ಮಾತ್ರ ಏಳಲಿಲ್ಲ.

ಆಗಸ್ಟ್ ಕೊನೆಯ ಒಂದು ಸಂಜೆ ರಫಲ್ ಕಾಂಡವನ್ನು ಉಗುರಿನಿಂದ ಕೆರೆದಳು. ಒಳಗೂ ಹಸಿರಿಲ್ಲ. ಮುಹನ್ನದ್ ಗೋಡೆಯಾಚೆ ಉಸಿರು ಬಿಗಿಹಿಡಿದು ನಿಂತಿದ್ದ.

"ಹೋಯ್ತು," ಎಂದಳು.

"ನಾನೇ ಕೊಂದೆ. ನನ್ನ ಮುಖ ನೋಡೋಕೂ ನಿಮಗೆ..."

"ಅಮ್ಮನ ಗಿಡ ಅದು. ತುಂಬಾ ನೋವಾಗ್ತಿದೆ." ಅವಳು ಕಣ್ಣೊರೆಸಿಕೊಂಡಳು. "ಆದರೆ ನಾಳೆ ಬೆಳಗ್ಗೆ ಗೋಡೆ ಮೇಲೆ ನೀವು ಕಾಣ್ಲಿಲ್ಲ ಅಂದ್ರೆ ಇನ್ನೂ ಜಾಸ್ತಿ ನೋವಾಗುತ್ತೆ. ಏನ್ ಮಾಡ್ಲಿ ಹೇಳಿ!"

ಅವನು ಗೋಡೆಯ ಅಂಚು ಹಿಡಿದು ಮುಂದೆ ಬಾಗಿ ತೊದಲಿದ...

"ರಫಲ್... ಅಮ್ಮನ್ನ ಕಳಿಸಲಾ? ನಿಮ್ಮ ಖಾಲಾ ಹತ್ರ... ನಿಮ್ಮನ್ನ ಕೇಳೋಕೆ?"

"ಈಗಲೇನಾ?"

"ಈಗಲೇ! ಚಪ್ಪಲಿ ಹಾಕ್ಕೊಂಡು ನಿಂತಿದ್ದಾರೆ!"

ಅವಳು ಅಳುತ್ತಲೇ ನಕ್ಕಳು.

"ಬಿಸಿಲು ಪೂರ್ತಿ ಇಳೀಲಿ. ಪಾಪ, ವಯಸ್ಸಾದವರು."

"ಮತ್ತೆ ನಾನು?"

"ನೀನೂ ಬಾ," ಎಂದಳು ಮೆಲ್ಲಗೆ. ಮೊದಲ ಬಾರಿಗೆ ಏಕವಚನದಲ್ಲಿ.