ಹೆಸರು ಮುಚ್ಚಿದ ಲೇಖನ

"ಕ್ಷಮಿಸಿ ಮೇಡಂ, ನೀವು ಹೇಳಿದ ಇಸವಿ ತಪ್ಪು!"

ವಿಚಾರಗೋಷ್ಠಿಯ ಕೊನೇ ಸಾಲಿನಿಂದ ಆ ದನಿ ಬಂದಾಗ ವೇದಿಕೆ ಮೇಲಿದ್ದ ಅವಳ ಮುಖ ಕೆಂಪಾಯಿತು. ತುಂಬಿದ ಸಭೆ ಬೇರೆ! ಯಾರಪ್ಪಾ ಈ ಮಹಾನುಭಾವ?

ಮನೆಗೆ ಬಂದು ಪುಸ್ತಕ ತಡಕಾಡಿದರೆ... ಛೆ, ತಪ್ಪು ತನ್ನದೇ!

ಆದರೂ ಬಿಡಲಿಲ್ಲ. ಎಲ್ಲರೆದುರು ಹೇಳಬೇಕಿತ್ತಾ ಅಂತ ಜಗಳ ಆಡಲು ಹುಡುಕಿಕೊಂಡು ಹೋದಳು. ಹೋದವಳು, ಇತಿಹಾಸಕ್ಕೆ ಒಂದು ಒಳ್ಳೆಯ ಸಂಶೋಧನಾ ಪತ್ರಿಕೆ ಶುರು ಮಾಡೋಣ ಅಂತ ಮಾತು ಮುಗಿಸಿ ಬಂದಳು!

ಅವಳು ಸಂಪಾದಕಿ. ಕಾಲೇಜಿನವರೆಲ್ಲ 'ತಕರಾರು ಮೇಷ್ಟ್ರು' ಅನ್ನುವ ಅವನು ಸಹಸಂಪಾದಕ. ಲೇಖನ ಬಂದರೆ ಹೆಸರು ಮುಚ್ಚಿ, ವಿಷಯ ಬಲ್ಲವರಿಗೆ ಓದಲು ಕೊಡಬೇಕು. ಬರೆದವರು ಯಾರೆಂದು ಗೊತ್ತಾಗಿಬಿಟ್ಟರೆ ಓದುವವರು ಅದನ್ನು ವಾಪಸ್ ಕೊಡಬೇಕು. ಓದಿದವರ ಹೆಸರನ್ನೂ ಲೇಖಕರಿಗೆ ಹೇಳುವಂತಿಲ್ಲ. ಇದು ಇಬ್ಬರೂ ಸೇರಿ ಮಾಡಿದ ನಿಯಮ.

ಒಂದೇ ಮೇಜಿನ ಆಚೀಚೆ ಕೂತು ಪ್ರೂಫು ತಿದ್ದುತ್ತಾ, ಇಬ್ಬರೂ ಬಾಯಿಬಿಟ್ಟು ಹೇಳದ ಮಾತೊಂದು ಬೆಳೆಯುತ್ತಲೇ ಹೋಯಿತು.

ಮೊದಲ ಸಂಚಿಕೆ ಅಚ್ಚಿಗೆ ಹೋಗುವ ವಾರ ಅವಳು ಓದಲು ಕೊಟ್ಟ ಒಂದು ಲೇಖನವನ್ನು ಅವನು ಅಭಿಪ್ರಾಯ ಬರೆದು ತಿರಸ್ಕರಿಸಿದ. ಅದು ಅವಳ ಅಪ್ಪನದು!

ಅಪ್ಪ ಇತಿಹಾಸದ ಪ್ರಾಧ್ಯಾಪಕರಾಗಿದ್ದವರು. ಊರಿನ ಹಳೇ ಸೇತುವೆಯೇ ಅವರ ಜೀವಮಾನದ ಸಂಶೋಧನೆ. ಬೆಳಿಗ್ಗೆ ಆ ಅಭಿಪ್ರಾಯವನ್ನು, ಅವನ ಹೆಸರು ಹೇಳದೆ, ಅವಳೇ ಅವರ ಕೈಗಿಟ್ಟಳು. ಓದಿದರು. ಒಂದು ಮಾತೂ ಆಡದೆ ರೂಮಿನ ಬಾಗಿಲು ಹಾಕಿಕೊಂಡರು.

ಅಪ್ಪ ಸುಮ್ಮನಾದರೆ ಅವಳಿಗೆ ಜೀವವೇ ಹೋದಂತೆ. ನೇರ ಕಚೇರಿಗೆ ಬಂದು ಅವನ ಮುಂದೆ ನಿಂತಳು.

"ಆ ಸೇತುವೆ ಲೇಖನ ಯಾರದು ಗೊತ್ತಾ ನಿಮಗೆ? ನಮ್ಮಪ್ಪಂದು!"

"ಗೊತ್ತಿತ್ತು."

"ಏನು?! ಹೇಗೆ?"

"ನೀವು ಮೇಲಿನ ಹೆಸರು ಮಾತ್ರ ಮುಚ್ಚಿದ್ರಿ. ಕೆಳಗೆ ಅಡಿಟಿಪ್ಪಣಿಲಿ 'ಇದೇ ಲೇಖಕನ ಪುಸ್ತಕ ನೋಡಿ' ಅಂತ ಪುಸ್ತಕದ ಹೆಸರೇ ಇತ್ತು."

ಅಯ್ಯೋ ದೇವರೇ... ತಾನು ನೋಡಲೇ ಇಲ್ಲವಲ್ಲ!

"ಗೊತ್ತಾದ್ಮೇಲೆ ವಾಪಸ್ ಕೊಡಬೇಕಿತ್ತು ತಾನೆ? ನಿಯಮ ಮಾಡಿದ್ದು ನಾವಿಬ್ಬರೇ ಅಲ್ವಾ?"

ಅವನು ತಲೆ ತಗ್ಗಿಸಿದ. "ಕೊಟ್ಟಿದ್ರೆ ಬೇರೆಯವರ ಕೈಗೆ ಹೋಗ್ತಿತ್ತು. ಎಲ್ಲರೂ ಅವರ ಶಿಷ್ಯರೇ. ಗೊತ್ತಾದ್ರೆ ಭಯಕ್ಕೆ ಒಪ್ಪಿಬಿಡ್ತಿದ್ರು. ಅಚ್ಚಾದ್ಮೇಲೆ ಅದರಲ್ಲಿರೋ ತಪ್ಪಿಗೆ ಹಿಂದಿಂದ ನಗ್ತಿದ್ರು. ನಿಮ್ಮಪ್ಪನ್ನ ನೋಡಿ ನಗೋದು ನನ್ನ ಕೈಲಿ ಸಹಿಸಕ್ಕಾಗಲ್ಲ ರೀ..."

ಉತ್ತರ ಕೊಡುವ ಮೊದಲೇ ಅವಳ ಫೋನ್ ರಿಂಗಾಯಿತು. ಪಕ್ಕದ ಮನೆ ಆಂಟಿ.

"ನಿಮ್ಮಪ್ಪ ಒಬ್ಬರೇ ಸೇತುವೆ ಕಡೆ ಹೋಗ್ತಿದ್ರಮ್ಮ. ಕೂಗಿದ್ರೂ ತಿರುಗಿ ನೋಡಲಿಲ್ಲ."

ಸೇತುವೆ... ಕೆಳಗೆ ನದಿ... ಅಪ್ಪ!

"ಬನ್ನಿ, ಬೈಕ್ ಹತ್ತಿ!" ಅಂದ ಅವನು, ಆಗಲೇ ಬೈಕಿನ ಕೀ ಹಿಡಿದು.

ದಾರಿಯುದ್ದಕ್ಕೂ ಅವಳು ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಅಪ್ಪನಿಗೆ ಏನಾದರೂ ಆದರೆ ಮುಂದೆ ಕೂತಿರುವ ಇವರನ್ನು ಕ್ಷಮಿಸುವುದು ಹೇಗೆ? ತನ್ನನ್ನು ತಾನೇ ಕ್ಷಮಿಸಿಕೊಳ್ಳುವುದು ಹೇಗೆ?

ಸೇತುವೆ ಮೇಲೆ ಯಾರೂ ಇರಲಿಲ್ಲ. ಬಿದ್ದೆನೋ ಎದ್ದೆನೋ ಎಂದು ಮೆಟ್ಟಿಲಿಳಿದಳು.

ಕಮಾನಿನ ಕೆಳಗೆ ಅಪ್ಪ ಸೊಂಟ ಬಗ್ಗಿಸಿ, ತಲೆ ಓರೆ ಮಾಡಿ, ಗೋಡೆಯ ಶಾಸನದ ಕಲ್ಲನ್ನೇ ದಿಟ್ಟಿಸುತ್ತಿದ್ದರು!

"ಅಪ್ಪಾ!" ಓಡಿಹೋಗಿ ತಬ್ಬಿಕೊಂಡು ಅತ್ತುಬಿಟ್ಟಳು.

"ಯಾಕೆ ಪುಟ್ಟಿ? ಇಲ್ಲಿ ನೋಡು! ಕಲ್ಲು ತಲೆಕೆಳಗಾಗಿ ಕೂತಿದೆ. ಬೇರೆ ಯಾವುದೋ ಕಟ್ಟಡದಿಂದ ತಂದು ಹಾಕಿದ್ದಾರೆ. ಇದರ ಮೇಲಿರೋ ಇಸವಿ ಈ ಸೇತುವೆದೇ ಅಲ್ಲ. ನಾನು ಶಿಷ್ಯರು ತೆಗೆದುಕೊಟ್ಟ ಫೋಟೋ ತಿರುಗಿಸಿ ಓದಿ ಜೀವನ ಕಳೆದೆ, ಬಂದು ನೋಡಲೇ ಇಲ್ಲ." ಅವರು ಕಲ್ಲಿನ ಮೇಲೆ ಕೈಯಾಡಿಸಿದರು. "ಯಾರೋ ಪುಣ್ಯಾತ್ಮ ಇಲ್ಲಿಗೆ ಬಂದು ನೋಡಿ ಬರೆದಿದ್ದಾನೆ. ಯಾರೇ ಅವನು?"

ಹೆಸರು ಹೇಳುವಂತಿಲ್ಲ.

"ನಾನು, ಸರ್," ಅಂದ ಅವನು.

ಅಪ್ಪ ಅವನನ್ನು ನೋಡಿದರು. ಅತ್ತು ಕೆಂಪಾದ ಮಗಳ ಕಣ್ಣನ್ನೂ ನೋಡಿದರು.

"ಲೇಖನ ತಿದ್ದಿ ಕೊಡ್ತೀನಿ. ಅದಿರಲಿ, ನನ್ನ ಮಗಳ ಬಗ್ಗೆ ಏನಾದ್ರೂ ತಕರಾರು ಇದೆಯೇನಪ್ಪಾ?"

"ಇಲ್ಲ ಸರ್... ಒಂದೂ ಇಲ್ಲ."

ಅಪ್ಪ ಬೇಕಂತಲೇ ಕಲ್ಲಿನ ಕಡೆ ತಿರುಗಿದರು.

ಅವನು ಮೆಲ್ಲಗೆ ಕೇಳಿದ, "ನಿಮಗೆ?"

"ನಂಗೆ ಒಂದಿದೆ."

ಅವನ ಮುಖ ಬಾಡಿತು. "ಏನು?"

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?"